ಎಂಟನೇ ದಿನದ ಭೇಟಿ

ಕೆಮ್ಮು, ಒಳಕೋಣೆಯ ಕಡೆಯಿಂದ, ಎರಡು ಸಣ್ಣದು, ಒಂದು ದೊಡ್ಡದು, ಕೊನೆಗೆ ಗಂಟಲು ಸರಿಮಾಡಿಕೊಳ್ಳುವ ಒಂದು ಹ್ಞೂಂ — ಗೊತ್ತಿರುವ ಕೆಮ್ಮು, ದೊಡ್ಡ ಸಿಸ್ಟರಿಗೆ ಈ ಊರಿನ ಮೂವತ್ತೆರಡು ಮನೆಗಳ ಕೆಮ್ಮುಗಳು ಗೊತ್ತು, ಕಣ್ಣು ಮುಚ್ಚಿಕೊಂಡು ಇದು ಇಂಥವರದು ಅನ್ನಬಲ್ಲಳು, ಇದು ಟೈಲರ್ ಅಜ್ಜನದು, ಅನುಮಾನವೇ ಇಲ್ಲ, ತೊಂದರೆ ಏನೆಂದರೆ ಟೈಲರ್ ಅಜ್ಜ ತೀರಿಕೊಂಡು ಇವತ್ತಿಗೆ ಎಂಟು ದಿನ, ಹಾಗೆಂದು ಮನೆಮನೆಗೆ ಹೋಗಿ ರೋಗಿಗಳನ್ನು ನೋಡಿಕೊಳ್ಳುವ ಅವಳ ಆಫೀಸಿನ ಬೋರ್ಡು ಹೇಳುತ್ತದೆ, ಬೋರ್ಡು ಹೇಳಿದ್ದಕ್ಕೇ ಅಲ್ಲವೇ ಅವಳು ಬಂದಿರುವುದು, ಬಂದು ಈ ಮರದ ಕುರ್ಚಿಯಲ್ಲಿ ಕೂತು ಅಜ್ಜಿಯ ಎರಡೂ ಕೈಗಳನ್ನು ತನ್ನ ಕೈಗಳೊಳಗೆ ಹಿಡಿದುಕೊಂಡಿರುವುದು, ಹಿಡಿದು ಈಗಷ್ಟೇ ಹೇಳಿದ್ದಾಳೆ, ನೀವು ಮಾಡಬೇಕಾದ್ದೆಲ್ಲ ಮಾಡಿದ್ರಿ ಅಮ್ಮಾ, ನಿಮ್ಮಷ್ಟು ಚೆನ್ನಾಗಿ ನೋಡ್ಕೊಂಡೋರು ಈ ಬೀದೀಲಿ ಇನ್ನೊಬ್ರಿಲ್ಲ, ಮನಸ್ಸಿಗೆ ಏನೂ ಹಚ್ಕೋಬೇಡಿ — ಅಜ್ಜಿ ಗಳಗಳ ಅತ್ತಿದ್ದರು, ಅಳುವುದು ಒಳ್ಳೆಯದೇ ಎಂದು ಸಿಸ್ಟರ್ ಅಂದುಕೊಂಡಿದ್ದಳು, ಅತ್ತು ಮುಗಿಸಿ ಅಜ್ಜಿ ಹೇಳಿದ್ದು ಈಗ ಕಿವಿಯಲ್ಲಿ ತಿರುಗಿ ಬರುತ್ತಿದೆ, ಇಂಥ ಒಂದು ಮಾತು ಯಾರೂ ಆಡಿರ್ಲಿಲ್ಲ ಸಿಸ್ಟರ್, ಅವರಂತೂ ನಲವತ್ತೆಂಟು ವರ್ಷದಲ್ಲಿ ಒಂದ್ಸಲ ಆಡಿಲ್ಲ, ಈಗ್ಲೂ ಬೆಳಗ್ಗೆಯಿಂದ ಗಂಜಿ ನೀರಾಗಿದೆ ಅಂತ ಒಂದೇ ರಾಗ. ಬೆಳಗ್ಗೆಯಿಂದ ಅಂದರು. ಆಗಲೇ ಹೊಳೆಯಬೇಕಿತ್ತು.

ಹೊಳೆಯಲಿಲ್ಲ, ಯಾಕೆಂದರೆ ಮುಖಕ್ಕೆ ಸಾಂತ್ವನ ಹಚ್ಚಿಕೊಂಡು ಬಂದಾಗ ಕಿವಿಯೂ ಅದರೊಳಗೇ ಮುಚ್ಚಿಹೋಗುತ್ತದೆ, ಬಾಗಿಲ ಬಳಿ ಬಟ್ಟೆ ತುಂಬಿದ ಕೈಚೀಲ ನೋಡಿದಳು, ಪಾಪ, ಅವರ ಬಟ್ಟೆ ಯಾರಿಗೋ ಕೊಡೋಕೆ ತೆಗೆದಿಟ್ಟಿದ್ದಾರೆ ಎಂದು ಕರುಳು ಚುರ್ ಅಂದಿತು, ಚೀಲದ ಮೇಲೆ ಹಲ್ಲುಜ್ಜುವ ಬ್ರಷ್ಷು ಇಣುಕುತ್ತಿತ್ತು, ಹಲ್ಲುಜ್ಜುವ ಬ್ರಷ್ಷನ್ನು ಯಾರು ಯಾರಿಗೆ ದಾನ ಕೊಡುತ್ತಾರೆ, ಅದನ್ನೂ ಯೋಚಿಸಲಿಲ್ಲ, ಇಪ್ಪತ್ತೆರಡು ವರ್ಷದ ಅನುಭವವಂತೆ, ನಾಲ್ಕು ಜನ ನರ್ಸುಗಳಿಗೆ ಮುಖ್ಯಸ್ಥೆಯಂತೆ. ಬೋರ್ಡು — ಅಯ್ಯೋ ಆ ಬೋರ್ಡು, ಹಳೆಯ ಪುಸ್ತಕವೇ ಸಾಕು ದೊಡ್ಡ ಸಿಸ್ಟರ್ ಅಂತ ನಾಲ್ವರೂ ಬಡಕೊಂಡರು, ಕೇಳಲಿಲ್ಲ, ಅವಳೇ ಅಂಗಡಿಗೆ ಹೋಗಿ ಬಣ್ಣಬಣ್ಣದ ಅಯಸ್ಕಾಂತದ ಬಿಲ್ಲೆ ತಂದಳು, ಕೆಂಪು ದಿನಾ ಹೋಗುವ ಮನೆಗೆ, ಹಳದಿ ವಾರಕ್ಕೊಮ್ಮೆ, ಹಸಿರು ಹದಿನೈದು ದಿನಕ್ಕೊಮ್ಮೆ, ತೀರಿಕೊಂಡವರಿಗೆ ಬಿಳಿ, ಬಿಳಿ ಬಿದ್ದ ಎಂಟನೇ ದಿನ ತಾನೇ ಖುದ್ದಾಗಿ ಹೋಗಿ ಮನೆಯವರನ್ನು ಕಂಡು ನಾಲ್ಕು ಮಾತು ಕೇಳಿ, ಬರುವಾಗ ರೋಗಿಗೆ ಕೊಟ್ಟಿದ್ದ ನಮ್ಮ ಏರ್ ಬೆಡ್ ವಾಪಸ್ ತರಬೇಕು. ಬೋರ್ಡಿನಲ್ಲಿ ಟೈಲರ್ ಅಜ್ಜನ ಕೆಳಗಿನ ಸಾಲು ಹಳೆಯ ಪೋಸ್ಟ್‌ಮ್ಯಾನ್ ಅಂಚೆಯವರದು, ನಿಜಕ್ಕೂ ತೀರಿಕೊಂಡದ್ದು ಅಂಚೆಯವರು, ಆ ಬೀದಿ ನೋಡುವ ಕನ್ನಡಕದ ನರ್ಸು ಅವತ್ತು ಎಷ್ಟು ಸ್ಪಷ್ಟವಾಗಿ ಹೇಳಿದ್ದಳು, ಹೇಳಿ ಅಂದೇ ಸಂಜೆ ಮಗಳ ಬಾಣಂತನಕ್ಕೆ ರಜೆ ಹಾಕಿ ಹೋದಳು, ದೊಡ್ಡ ಸಿಸ್ಟರ್ ಬಿಳಿ ಬಿಲ್ಲೆ ಹಿಡಿದುಕೊಂಡು ಬೋರ್ಡಿಗೆ ಬೆನ್ನು ಹಾಕಿ ಉಳಿದವರ ಕಡೆ ತಿರುಗಿ ಭಾಷಣ ಮಾಡುತ್ತಿದ್ದಳು — ವಿಷಯ ಏನು, ಹೇಳಿಕೊಂಡರೆ ನಾಚಿಕೆಗೇಡು, ಕೆಲಸದಲ್ಲಿ ಗಮನ ಇರಬೇಕು ಅನ್ನುವ ವಿಷಯ — ಹಾಗೇ ಕೈ ಹಿಂದೆ ಚಾಚಿ ಬಿಲ್ಲೆ ಅಂಟಿಸಿದಳು. ಒಂದು ಸಾಲು ಮೇಲೆ. ಒಂದೇ ಒಂದು ಸಾಲು. ಹಾಗಾದರೆ ಅಂಚೆಯವರು ಬೋರ್ಡಿನ ಮೇಲೆ ಇನ್ನೂ ಹಸಿರಾಗಿದ್ದಾರೆ, ನಾಳೆ ಅವರ ಮನೆಗೆ ಮಾತ್ರೆ ತಗೊಂಡು ಹೋಗಿ ಹೊಟ್ಟೆ ಸರಿಯಾಗಿ ಹೋಗ್ತಾ ಇದೆಯಾ ಕೇಳ್ಕೊಂಡು ಬಾ ಅಂತ ಒಬ್ಬಳಿಗೆ ಹೇಳಿದ್ದಾಳೆ, ದೇವರೇ, ಮೊದಲು ಅದನ್ನು ನಿಲ್ಲಿಸಬೇಕು, ಇಲ್ಲ, ಮೊದಲು ಇದು.

ಇದು ಅಂದರೆ ಯಾವುದು, ಎದ್ದು ಹೋಗುವುದೇ, ಸುಮ್ಮನೆ ನಗುನಗುತ್ತಾ ಈ ಕಡೆ ಬಂದಿದ್ದೆ, ಹಾಗೇ ನೋಡಿ ಹೋಗೋಣ ಅಂತ ಬಂದೆ ಅಂದುಬಿಡುವುದೇ, ಅಂದುಬಿಡಬಹುದು, ಅಜ್ಜಿಗೆ ಗೊತ್ತೇ ಆಗಿಲ್ಲ, ಅನ್ನುವಷ್ಟರಲ್ಲಿ ಹೊರಗೆ ವ್ಯಾನಿನ ಬಾಗಿಲು ಧಡ್ ಅಂತು, ಡ್ರೈವರ್, ಮಹಾರಾಯ, ಹತ್ತು ನಿಮಿಷ ಬಿಟ್ಟು ಬಾ ಅಂದಿದ್ದಳು, ಸರಿಯಾಗಿ ಹತ್ತೇ ನಿಮಿಷಕ್ಕೆ ಬಂದಿದ್ದಾನೆ, ಹನ್ನೊಂದು ವರ್ಷದಲ್ಲಿ ಇದೇ ಮೊದಲ ಸಲ, ಹೆಗಲ ಮೇಲೆ ಏರ್ ಬೆಡ್ ಕಟ್ಟುವ ಹಗ್ಗ, ಮುಖ ಇಷ್ಟುದ್ದ, ಹೊಸ್ತಿಲಲ್ಲೇ ತಲೆ ತಗ್ಗಿಸಿ ತನ್ನ ಯಾವತ್ತಿನ ಮಾತು ಶುರುಮಾಡಿದ, ಏನ್ ಮಾಡೋದಮ್ಮಾ, ನಮ್ಮ ಕೈಲಿ ಏನಿದೆ, ಇದ್ದಷ್ಟು ದಿನ ಚೆನ್ನಾಗಿದ್ರು, ಯಾರಿಗೂ ಒಂದು ಮಾತು ಅಂದೋರಲ್ಲ, ದೇವರಂಥ ಮನುಷ್ಯ — ಸಿಸ್ಟರ್ ಕಣ್ಣಲ್ಲಿ ಸನ್ನೆ ಮಾಡಿದಳು, ಹುಬ್ಬಲ್ಲಿ ಮಾಡಿದಳು, ಕಾಲಲ್ಲೂ ಮಾಡಿದಳು, ಅವನು ನೋಡುತ್ತಿದ್ದದ್ದು ನೆಲವನ್ನು. ಅಜ್ಜಿ ಬಾಯಿ ತೆರೆದು ಅವನನ್ನೂ ಹಗ್ಗವನ್ನೂ ನೋಡುತ್ತಿದ್ದಾರೆ. ಒಳಗಿಂದ ಧ್ವನಿ ಬಂತು, ಯಾರ ಬಗ್ಗೆನಪ್ಪಾ ಇಷ್ಟು ಒಳ್ಳೇ ಮಾತು, ಸ್ವಲ್ಪ ಜೋರಾಗಿ ಹೇಳು, ನಂಗೆ ಒಂದು ಕಿವಿ ಮಂದ. ಡ್ರೈವರನ ಹಗ್ಗ ಹೆಗಲಿಂದ ಜಾರಿ ಕೆಳಗೆ ಬಿತ್ತು, ಅವನು ಅದನ್ನು ಎತ್ತಿಕೊಳ್ಳಲೂ ಇಲ್ಲ, ವ್ಯಾನಿಗೆ ಹೋಗಿ ಕೂತುಬಿಟ್ಟ.

ಒಳಕೋಣೆಗೆ ನಾಲ್ಕು ಹೆಜ್ಜೆ, ಅವಳ ಕಾಲಿಗೆ ನಲವತ್ತು. ಹಾಸಿಗೆಯ ತಲೆದೆಸೆಗೆ ಹೊಲಿಗೆ ಯಂತ್ರ, ಅದರ ಮೇಲೆ ಕನ್ನಡಕ, ನೋವಿನ ಮಾತ್ರೆಯ ಪಟ್ಟಿ, ಪಟ್ಟಿಯಲ್ಲಿ ಉಳಿದದ್ದು ಎರಡೇ, ಎರಡು ಅಂದರೆ ನಾಳೆ ಮಧ್ಯಾಹ್ನದವರೆಗೆ, ಆಮೇಲೆ ನೋವು ಕೇಳಿಕೊಂಡು ಬರುವುದಿಲ್ಲ, ಬಂದುಬಿಡುತ್ತದೆ, ಅದು ತನ್ನ ಕೈಯಿಂದಲೇ ಆಗುತ್ತಿತ್ತು. ಅಜ್ಜ ಇನ್ನಷ್ಟು ಒಣಗಿದ್ದಾರೆ, ಕಣ್ಣು ಮಾತ್ರ ಸೂಜಿಗೆ ದಾರ ಹಾಕುವವರ ಕಣ್ಣೇ. ವಾರವಾರವೂ ಬರೋ ನರ್ಸಮ್ಮ ಈ ಗುರುವಾರ ಬರ್ಲಿಲ್ಲ ಅಂದರು. ಇಲ್ಲ ಅಜ್ಜ. ಫೋನ್ ಮಾಡ್ತೀನಿ ಅಂದ್ಲು ಇವಳು, ನಾನೇ ಬೇಡ ಅಂದೆ, ಕರೆದು ಬರಿಸ್ಕೊಳ್ಳೋದು ಯಾಕೆ, ಇವನದು ಮುಗೀತು ಅಂತ ಬಿಟ್ಟಿದ್ದಾರೆ, ಬಿಡಲಿ, ನಾಳೆ ಆಸ್ಪತ್ರೆಗೆ ಸೇರ್ಕೊತೀನಿ ಅಂದೆ, ಬಟ್ಟೆ ಚೀಲಾನೂ ಕಟ್ಟಿ ಆಯ್ತು. ಆಸ್ಪತ್ರೆ ಅಂದರೆ ಈ ಮನುಷ್ಯನಿಗೆ ಆಗುವುದಿಲ್ಲ, ಮೊದಲ ದಿನವೇ ಹೇಳಿದ್ದರು, ಅಲ್ಲಿ ರಾತ್ರಿಯೂ ದೀಪ ಆರಿಸಲ್ಲ ಸಿಸ್ಟರ್, ನಾನು ನನ್ನ ಯಂತ್ರದ ಪಕ್ಕದಲ್ಲೇ ಹೋಗ್ತೀನಿ, ಹೂಂ ಅಂತ ಮಾತು ಕೊಟ್ಟವಳು ಸಿಸ್ಟರೇ. ಸುಳ್ಳು ನಾಲಿಗೆ ತುದಿಯಲ್ಲಿ ಸಾಲುಗಟ್ಟಿ ನಿಂತಿತ್ತು, ವ್ಯಾನ್ ಕೆಟ್ಟಿತ್ತು, ಔಷಧಿ ಬಂದಿರಲಿಲ್ಲ, ಎಲ್ಲವೂ ಚೆನ್ನಾಗಿದ್ದವು, ಆದರೆ ಬಾಯಿಂದ ಬಿದ್ದದ್ದು ಬೇರೆಯೇ. ಅಜ್ಜ, ತಪ್ಪು ನಂದು, ನಮ್ಮ ಬೋರ್ಡಲ್ಲಿ ನಾನು ನಿಮ್ಮನ್ನ ಸಾಯಿಸಿಬಿಟ್ಟಿದ್ದೆ, ಎಂಟು ದಿನ ಆಯ್ತು, ಹೊಟ್ಟೆಗೆ ಹಾಕ್ಕೊಳ್ಳಿ.

ಅಜ್ಜ ನಕ್ಕರು, ನಗು ಕೆಮ್ಮಾಯಿತು, ಕೆಮ್ಮು ಮತ್ತೆ ನಗುವಾಯಿತು, ಅಜ್ಜಿ ಬೆನ್ನು ಸವರಿದರು, ಸವರುತ್ತಲೇ ಸಿಸ್ಟರ್ ಕಡೆ ಒಂದು ನೋಟ ನೋಡಿದರು, ಹಾಗಾದ್ರೆ ನೀವು ಹೊಗಳಿದ್ದು ವಿಧವೆಯನ್ನಾ ಅನ್ನುವ ನೋಟ. ಹಾಗಾದ್ರೆ ಇವತ್ತು ಬಂದಿದ್ದು ಎಂಟನೇ ದಿನದ ಭೇಟಿಗೆ, ಅಜ್ಜ ಕೇಳಿದರು. ಹೌದು. ಏನೇನು ಮಾಡ್ತೀರಿ ಅದರಲ್ಲಿ. ನಾಲ್ಕು ಮಾತು ಕೇಳ್ತೀವಿ ಅಜ್ಜ, ಈಗ ಅದೆಲ್ಲ ಯಾಕೆ, ನಾನು ಮಾತ್ರೆ — ಮಾತ್ರೆ ಇರ್ಲಿ, ಬಂದ ಕೆಲಸ ಮುಗಿಸಿ, ನಾನು ಐವತ್ತು ವರ್ಷ ಟ್ರಯಲ್ ನೋಡದೆ ಯಾರಿಗೂ ಕೋಟು ಕೊಟ್ಟೋನಲ್ಲ, ಇದೂ ಟ್ರಯಲ್ ಅಂದ್ಕೊಳ್ಳಿ, ನೀವು ಚೆನ್ನಾಗಿ ಮಾಡಿದ್ರೆ ನಾಳೆ ಆಸ್ಪತ್ರೆಗೆ ಹೋಗಲ್ಲ. ರೀ ಸುಮ್ನಿರಿ, ಬಾಯಲ್ಲಿ ಎಂಥ ಮಾತು ಅಂದರು ಅಜ್ಜಿ. ನೀನು ಸುಮ್ನಿರೇ, ನೀನು ಈಗ ವಿಧವೆ, ಜಾಸ್ತಿ ಮಾತಾಡಬಾರದು. ಇಂಥದ್ದು ಯಾವ ತರಬೇತಿಯಲ್ಲೂ ಹೇಳಿಕೊಟ್ಟಿಲ್ಲ, ಪೆನ್ನು ಜೇಬಿಂದ ಬಂತು, ಹಾಳೆ ಮಡಿಲ ಮೇಲೆ ಬಿಚ್ಚಿಕೊಂಡಿತು, ಅವಳೇ ಬರೆದು ಅಚ್ಚು ಹಾಕಿಸಿದ ಹಾಳೆ, ಒಂದನೇ ಪ್ರಶ್ನೆ, ಅವರು ನೆಮ್ಮದಿಯಾಗಿ ಹೋದರೇ. ಅಜ್ಜಿ ಗಂಡನ ಮುಖ ನೋಡಿ, ಗಂಜಿ ವಿಷಯದಲ್ಲಿ ಇಲ್ಲ ಅಂದರು. ಬರ್ಕೊಳ್ಳಿ ಎಂದರು ಅಜ್ಜ. ಬರೆದುಕೊಂಡಳು. ಎರಡನೇದು, ನಮ್ಮ ಸೇವೆಯಲ್ಲಿ ಏನಾದರೂ ಕೊರತೆಯಾಯಿತೇ. ಇಬ್ಬರೂ ಅವಳನ್ನೇ ನೋಡಿದರು, ಗುರುವಾರ ಎಂದು ಅವಳೇ ಬರೆದು ಕೆಳಗೆ ಗೆರೆ ಎಳೆದಳು. ಮೂರನೇದು, ನಿದ್ದೆ ಬರುತ್ತಿದೆಯೇ. ಇವರ ಗೊರಕೇಲಿ ಎಲ್ಲಿಂದ ಬರುತ್ತೆ.

ನಾಲ್ಕನೇದರ ಹತ್ತಿರ ಅವಳ ಪೆನ್ನು ನಿಂತಿತು, ಎಷ್ಟು ಮನೆಗಳಲ್ಲಿ ಕೇಳಿದ್ದಾಳೆ, ಎಲ್ಲರ ಹತ್ತಿರವೂ ಉತ್ತರ ಇರುತ್ತದೆ, ಕೇಳಬೇಕಾದವರು ಮಾತ್ರ ಇರುವುದಿಲ್ಲ, ಅವರ ಪರವಾಗಿ ಇವಳು ತಲೆಯಾಡಿಸುತ್ತಾಳೆ, ಇಂಥ ಪ್ರಶ್ನೆಯನ್ನು ಎಂಟನೇ ದಿನಕ್ಕೆ ಇಟ್ಟ ಬುದ್ಧಿವಂತೆ ಯಾರು, ತಾನೇ. ಅವರಿಗೆ ಹೇಳಬೇಕು ಅಂದುಕೊಂಡು ಹೇಳದೆ ಉಳಿದದ್ದು ಏನಾದರೂ ಇದೆಯೇ ಅಮ್ಮಾ. ಅಜ್ಜಿ ಹಾಸಿಗೆಯ ಅಂಚಿನಲ್ಲಿ ಕೂತರು, ಬಹಳ ಹೊತ್ತು ಬಟ್ಟೆಯ ನೆರಿಗೆ ಸರಿಮಾಡಿಕೊಂಡರು, ಆಮೇಲೆ ಗಂಡನಿಗಲ್ಲ, ಹೊಲಿಗೆ ಯಂತ್ರಕ್ಕೆ ಹೇಳುವವರ ಹಾಗೆ ಹೇಳಿದರು, ಇವರು ನಂಗೆ ಹೊಲಿದ ಬಟ್ಟೆ ಒಂದೂ ಸರಿಹೋಗ್ತಿರ್ಲಿಲ್ಲ, ಪಕ್ಕೆಯಲ್ಲಿ ಹಿಡೀತಿತ್ತು, ಇಷ್ಟು ವರ್ಷ ಇವರು ಅಂಗಡಿಗೆ ಹೋದ ಮೇಲೆ ನಾನೇ ಬಿಚ್ಚಿ ಕೈಯಲ್ಲಿ ಸಡಿಲ ಮಾಡಿ ಹೊಲ್ಕೊತಿದ್ದೆ, ಮನಸ್ಸು ನೋಯುತ್ತೆ ಅಂತ ಹೇಳಲಿಲ್ಲ. ಹೇಳಿ ಕಣ್ಣು ಒರೆಸಿಕೊಂಡರು, ಕೊಲೆ ಒಪ್ಪಿಕೊಂಡಷ್ಟು ನಿರಾಳ ಮುಖದಲ್ಲಿ. ಅಜ್ಜ ಸೂರು ನೋಡುತ್ತಾ ಗೊತ್ತು ಅಂದರು. ಏನು ಗೊತ್ತು. ಮದುವೆ ವರ್ಷದ ಅಳತೇನೇ ಇರ್ಲಿ, ನಾನೇನು ದಪ್ಪ ಆಗಿಲ್ಲ ಅಂತಿದ್ದೆ ನೀನು, ಮತ್ತೆ ಟೇಪು ಮುಟ್ಟಿಸಿಕೊಳ್ತಿರ್ಲಿಲ್ಲ, ನಾನು ನಿನ್ನ ಮಾತಿನ ಅಳತೆಗೆ ಹೊಲೀತಿದ್ದೆ, ಗಿರಾಕಿಗಳಿಗೆ ಹೊಲಿಗೆ ಒಳಗೆ ಒಂದು ಬೆರಳು ಬಟ್ಟೆ ಬಿಡೋದು, ನಿಂಗೆ ಎರಡು ಬೆರಳು ಬಿಡ್ತಿದ್ದೆ. ನೀನು ಬಿಚ್ಚಿಕೊಳ್ತೀಯ ಅಂತ.

ಹೊರಗೆ ಡ್ರೈವರ್ ಎರಡು ಸಲ ಹಾರ್ನ್ ಹೊಡೆದ, ಯಾಕೋ ಗೊತ್ತಿಲ್ಲ, ಅಜ್ಜಿ ಎದ್ದು ಹೋಗಿ ಚೀಲದಿಂದ ಬ್ರಷ್ಷು ತೆಗೆದು ಬಚ್ಚಲಿಗೆ ಇಟ್ಟು ಬಂದರು, ಸಿಸ್ಟರ್ ಯಾವಾಗಲೂ ಜೊತೆಗಿರುವ ಔಷಧಿ ಪೆಟ್ಟಿಗೆಯಿಂದ ಮಾತ್ರೆಯ ಹೊಸ ಪಟ್ಟಿಗಳನ್ನು ಯಂತ್ರದ ಮೇಲೆ ಇಟ್ಟಳು, ನಾಲ್ಕನೇ ಪ್ರಶ್ನೆಯ ಮುಂದೆ ಏನು ಬರೆಯುವುದು, ಅಂಚೆಯವರ ಮನೆಗೆ ಫೋನು, ಇಲ್ಲ, ಅಲ್ಲಿಗೆ ತಾನೇ ಹೋಗಬೇಕು, ಬೋರ್ಡು ಸರಿಮಾಡಬೇಕು, ಭಾಷಣ ಕೇಳಿದ ಮೂವರ ಮುಂದೆ ನಿಂತು ಹೇಳಬೇಕು, ಹೇಳೋಣ, ನಗಲಿ, ನಕ್ಕರೆ ನಕ್ಕಾರು — ಅಷ್ಟರಲ್ಲಿ ಅಜ್ಜಿ ತಾವು ತೊಟ್ಟ ನೀಲಿ ಬಟ್ಟೆಯ ಪಕ್ಕೆಯ ಹೊಲಿಗೆಯನ್ನು ಒಳಗಿಂದ ಮಗುಚಿ ಬೆಳಕಿಗೆ ಹಿಡಿದು ನೋಡುತ್ತಿದ್ದರು, ಹೊರಗೆಲ್ಲ ಒಗೆದು ಒಗೆದು ಮಾಸಿದ ನೀಲಿ, ಒಳಗೆ ಮಡಿಕೆಯಲ್ಲಿ ಅಂಗಡಿಯಿಂದ ತಂದ ದಿನದ ನೀಲಿ, ನಾನು ಒಂದೇ ಬೆರಳು ಬಿಚ್ಚಿದೀನಿ ಕಣ್ರೀ, ಇನ್ನೂ ಒಂದು ಬೆರಳು ಇದೆ, ಅಂದರು ಅಜ್ಜಿ, ಸಿಸ್ಟರ್ ಪೆನ್ನು ಹಿಡಿದು ಕೂತಿದ್ದಾಳೆ, ಬರೆಯಬೇಕು, ಏಳಬೇಕು, ವ್ಯಾನು ಕಾಯುತ್ತಿದೆ, ಒಂದು ಬೆರಳು, ಬಿಸಿಲು ತಾಗದ ನೀಲಿ, ಮಡಿಕೆಯೊಳಗೆ, ಇನ್ನೂ ಒಂದು ಬೆರಳಗಲ.