ಯಮುನಾಬಾಯಿಯ ಏಕಾದಶಿ, ಇನ್ನೂ ಮುಗಿಯದ್ದು

೧
ಎಲ್ಲಿಂದ ಶುರು ಮಾಡಲಿ? ಅಂಗಾಲಿನ ಕಪ್ಪು ಮಚ್ಚೆಯಿಂದಲೇ? ಅದು ಕ್ಯಾನ್ಸರ್ ಆಗಿ ಶ್ವಾಸಕೋಶಕ್ಕೆ ಹಬ್ಬಿದ ದಿನದಿಂದಲೇ? ಎರಡನ್ನೂ ಬರೆದೆ, ಎರಡನ್ನೂ ಹರಿದೆ. ಅಲ್ಲಿಂದ ಶುರುವಾದರೆ ನೀವು ಮೊದಲ ಸಾಲಿಗೇ ಕರವಸ್ತ್ರ ಹುಡುಕುತ್ತೀರಿ, ನನ್ನ ಕೆಲಸ ತೀರಾ ಸುಲಭವಾಗಿಬಿಡುತ್ತದೆ.

ಹೀಗಿರಲಿ. ೨೦೧೧, ತೆಲಂಗಾಣದ ತಾರ್ನಾಕ ಬಡಾವಣೆ. ರೋಗಿ ಯಮುನಾಬಾಯಿ, ಜೊತೆಗೆ ಸೊಸೆ ಸುಹಾಸಿನಿ. ಆಸ್ಪತ್ರೆಯಲ್ಲಿ ಹೊಸ ಔಷಧದ ಟ್ರಯಲ್.

೨
(ವಿಜ್ಞಾನ ಬೇಡದವರು ಈ ಪ್ಯಾರಾ ಹಾರಿಸಬಹುದು. ಮುಂದೆ ಏನೂ ತಿಳಿಯದಿದ್ದರೆ ನನ್ನನ್ನು ಬೈಯಬೇಡಿ.)

ಈ ಔಷಧ ಕ್ಯಾನ್ಸರನ್ನು ಮುಟ್ಟುವುದೇ ಇಲ್ಲ. ಅದೊಂದು ಆ್ಯಂಟಿಬಾಡಿ. ಮೈಯೊಳಗೆ ತೂಕಡಿಸುವ ರಕ್ಷಣಾ ಕಣಗಳನ್ನು ಎಬ್ಬಿಸಿ ಗಡ್ಡೆಯ ಮೇಲೆ ಬಿಡುತ್ತದೆ. ಹಾಗೆ ಎದ್ದ ಕಾವಲುಗಾರ ಕೆಲವೊಮ್ಮೆ ಮನೆಯವರನ್ನೇ ಬಡಿಯುತ್ತಾನೆ. (ಹಳಸಲು ಹೋಲಿಕೆ, ಗೊತ್ತು.) ಅದಕ್ಕೇ ಡಾಕ್ಟರು ಒತ್ತಿ ಹೇಳಿದ್ದರು: ಭೇದಿ ಶುರುವಾದರೆ ಅದೇ ದಿನ ಫೋನ್ ಮಾಡಿ, ಕರುಳಿಗೇ ಅಪಾಯ.

೩
ಎರಡನೇ ಡೋಸಿನ ನಂತರ ಭೇದಿ ಶುರುವಾಯಿತು.

"ಲಂಘನಂ ಪರಮೌಷಧಂ ಅಂತಾರ. ನಾಳೆ ಹ್ಯಾಂಗೂ ಏಕಾದಶಿ. ಒಂದಿನ ನೀರೂ ಮುಟ್ಟದಿದ್ರ ಹೊಟ್ಟಿ ತಾನಾ ಹಾದಿಗೆ ಬರ್ತದ," ಎಂದರು ಯಮುನಾಬಾಯಿ.

"ಅತ್ಯಾ, ಡಾಕ್ಟರಿಗೆ ಫೋನ್ ಹಚ್ಚತೀನ್ರಿ."

"ಹಚ್ಚಿದ್ರ ಔಷಧ ನಿಲ್ಲಸ್ತಾರ. ನಿಲ್ಲಿಸಿದ್ರ ನಾ ಉಳೀತೀನೇನು? ನನಗ ಇನ್ನೂ ಇರಬೇಕಾಗೇದವಾ."

ಇಲ್ಲಿ ನಾನು ತಡೆಯಲಾರದೆ ಬಾಯಿ ಹಾಕಿದೆ: ಬಾಯಿಯವರೇ, ಹಟ ಬಿಡಿ, ಫೋನ್ ಮಾಡಲಿ.

"ನೀ ಬರ್ಯಾಂವ, ಬರಿ. ಪಾರಣಿ ಆಗ್ಲಿ, ಆಮ್ಯಾಲೆ ನೋಡೂಣು."

೪
ಮೊದಲ ಕರಡಿನಲ್ಲಿ ತಪ್ಪನ್ನೆಲ್ಲ ಪ್ರತ್ಯೇಕ ತೆಲಂಗಾಣದ ಬಂದ್ ತಲೆಗೆ ಕಟ್ಟಿದ್ದೆ. ಬಸ್ಸಿಲ್ಲ, ಆಟೋ ಇಲ್ಲ, ಆಸ್ಪತ್ರೆ ದೂರ. ಸುಹಾಸಿನಿ ಒಪ್ಪಲಿಲ್ಲ.

"ಅವತ್ತ ಬಂದ್ ಇರಲಿಲ್ರಿ. ಆಟೋ ಮನಿ ಮುಂದ ನಿಂತಿತ್ತು. ಫೋನ್ ನನ್ನ ಕೈಯಾಗಿತ್ತು. ಹಂಗ ಬರೀರಿ."

ಹಾಗೇ ಬರೆದೆ. ಬರೆಯುವಾಗ ಅಳು ಬಂತು. (ಇಂಥ ಕತೆ ಬರೆಯುವವರು ಅಳಬಾರದಂತೆ. ಯಾರು ಹೇಳಿದರೋ!)

೫
ಅಂತ್ಯ, ಒಂದು: ಸುಹಾಸಿನಿ ಫೋನ್ ಮಾಡುತ್ತಾಳೆ. ಸ್ಟೀರಾಯ್ಡ್ ಕೊಡುತ್ತಾರೆ. ಕರುಳು ಉಳಿಯುತ್ತದೆ, ಔಷಧ ನಿಲ್ಲುತ್ತದೆ. ಗಡ್ಡೆ ಏನಾಯಿತೋ ನನಗೂ ಗೊತ್ತಿಲ್ಲ.

ಅಂತ್ಯ, ಇನ್ನೊಂದು: ದ್ವಾದಶಿಯ ಬೆಳಿಗ್ಗೆ ಪಾರಣೆಗೆ ಎಲೆ ಹಾಕಿಯಾಗಿದೆ. ಯಮುನಾಬಾಯಿ ಏಳುವುದಿಲ್ಲ. ಕರುಳು ತೂತುಬಿದ್ದಿದೆ ಎನ್ನುತ್ತಾರೆ ಆಸ್ಪತ್ರೆಯಲ್ಲಿ. ಶ್ವಾಸಕೋಶದ ಗಡ್ಡೆಗಳು ಅರ್ಧಕ್ಕರ್ಧ ಕರಗಿರುವುದೂ ಅದೇ ಸ್ಕ್ಯಾನಿನಲ್ಲಿ ಕಾಣುತ್ತದೆ. ಔಷಧ ಕೆಲಸ ಮಾಡಿತ್ತು.

ಯಾವುದನ್ನು ಇಡಲಿ ಎಂದು ಸುಹಾಸಿನಿಯನ್ನೇ ಕೇಳಿದೆ.

"ಎರಡನೇದ್ರಾಗ, ಗಡ್ಡಿ ಕರಗೇದ ಅಂತ ಅತ್ಯಾಗ ಯಾರರೆ ಹೇಳ್ತಾರೇನ್ರಿ?"

ಇಲ್ಲ ಎಂದೆ. ಅಷ್ಟು ಹೊತ್ತಿಗೆ ಅವರಿಗೆ ಕೇಳಿಸುವುದಿಲ್ಲ.

"ಹಂಗಾರ ಮುಗಸಬ್ಯಾಡ್ರಿ."

೬
ಮುಗಿಸಿಲ್ಲ. ಏಕಾದಶಿಯ ಮಧ್ಯಾಹ್ನ ಇನ್ನೂ ನಡೆದೇ ಇದೆ. ಯಮುನಾಬಾಯಿ ಗೋಡೆ ಹಿಡಿದುಕೊಂಡು ಮತ್ತೊಮ್ಮೆ ಸಂಡಾಸಿನ ಕಡೆ ಹೊರಟಿದ್ದಾರೆ, ತುಟಿ ಒಣಗಿದೆ. ಸುಹಾಸಿನಿಯ ಕೈಯಲ್ಲಿ ಫೋನ್ ಇದೆ, ನಂಬರೂ ಒತ್ತಿಯಾಗಿದೆ, ಹಸಿರು ಗುಂಡಿಯೊಂದೇ ಬಾಕಿ. ಅವಳು ನನ್ನನ್ನು ನೋಡುತ್ತಿದ್ದಾಳೆ. ನಾನು ನಿಮ್ಮನ್ನು.