ಬಿಳಿ ಬಾಕ್ಸಿನ ಕೆಳಗಿನ ಸಾಲು

ನಿಖಿತಾ ಬಾಣ ಬರೆಯುವುದನ್ನು ನೋಡಿದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಮೈಸೂರಿನ ಹುಡುಗಿ, ನಮ್ಮ ಟೆಸ್ಟಿಂಗ್ ಲ್ಯಾಬಿಗೆ ಸೇರಿ ಎಂಟು ತಿಂಗಳಾಗಿತ್ತು. ಆಸಿಲೋಸ್ಕೋಪಿನ ಪರದೆಯ ಮೇಲೆ ಓಡುವ ವೋಲ್ಟೇಜಿನ ಗೆರೆಯನ್ನು ಚಿತ್ರವಾಗಿ ಉಳಿಸಿಡುವುದು ನಮ್ಮ ಕೆಲಸ. ಉಳಿಸಿದರೆ ಮುಗಿಯಿತಲ್ಲ? ಇವಳಿಗೆ ಮುಗಿಯುವುದಿಲ್ಲ. ಆ ಚಿತ್ರವನ್ನು ಕಂಪ್ಯೂಟರಿಗೆ ಹಾಕಿ, ಅದರ ಮೇಲೆ ಕೆಂಪು ಬಾಣವೊಂದು, ಹಸಿರು ಬಾಣವೊಂದು, ಬಾಣದ ಬಾಲಕ್ಕೊಂದು ಬಿಳಿ ಬಾಕ್ಸು, ಬಾಕ್ಸಿನೊಳಗೆ ಅಕ್ಷರ: 'ಇಲ್ಲಿ ಮೋಟಾರು ಶುರುವಾಯಿತು', 'ಇಲ್ಲಿ ನಿಂತಿತು'. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ? ನಮ್ಮ ಕಡೆ ಮದುವೆಯ ಹಂದರಕ್ಕೂ ಇಷ್ಟು ಶೃಂಗಾರ ಮಾಡುವುದಿಲ್ಲ.

ನಾನು ತಾಯಪ್ಪ. ಪುಣೆ ಹತ್ತಿರದ ರಾಂಜಣಗಾಂವದ ಈ ಫ್ಯಾಕ್ಟರಿಯಲ್ಲಿ ಇಪ್ಪತ್ತಾರು ವರ್ಷದಿಂದ ಸ್ಕೋಪಿನ ಮುಂದೆ ಕೂತವನು. ಗೆರೆ ನೋಡಿದರೆ ಸರ್ಕ್ಯೂಟ್ ಬೋರ್ಡಿನ ಜಾತಕವನ್ನೇ ಹೇಳುತ್ತೇನೆ ಎಂದು ಊರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದೆ. ನನ್ನ ಪದ್ಧತಿ ಒಂದೇ: ಗುಂಡಿ ಒತ್ತು, ಚಿತ್ರ ಉಳಿಸು, ಮುಂದಿನ ಬೋರ್ಡು ತೆಗೆ. ಚಿತ್ರದ ಕೆಳತುದಿಯಲ್ಲಿ ತಾರೀಖು, ಬೋರ್ಡಿನ ನಂಬರು, ಪರೀಕ್ಷೆ ಮಾಡಿದವನ ಹೆಸರು ಒಂದು ಸಾಲಾಗಿ ತಾನೇ ಬೀಳುತ್ತದೆ. ಅದಕ್ಕಿಂತ ಹೆಚ್ಚಿನ ಬರಹ ಯಾಕೆ ಬೇಕು?

"ಓದಾಕ ಬರದವ್ರಿಗೆ ಬಾಣ ಬೇಕವ್ವ," ಎಂದು ಒಮ್ಮೆ ಎಲ್ಲರೆದುರಿಗೇ ಅವಳಿಗೆ ಹೇಳಿದ್ದೆ. "ನಾಳಿ ಊಟದ ತಾಟಿಗೂ ಬಾಣ ಹಾಕತಿ, ಇದು ಅನ್ನ, ಇದು ಸಾರು ಅಂತ."

"ಹಾಕ್ತೀನಿ ಸರ್. ನಮ್ಮ ಕ್ಯಾಂಟೀನ್ ಸಾರಿಗಂತೂ ಬೇಕೇ ಬೇಕು," ಎಂದು ನಕ್ಕಳು. ಆ ನಗೆಗೂ ನನಗೆ ಸಿಟ್ಟು ಬಂತು.

ದೀಪಾವಳಿ ಕಳೆದ ಮೇಲೆ, ಪಂಪಿನ ಮೋಟಾರಿಗೆ ಹಾಕುವ ನಮ್ಮ ಹೊಸ ಬೋರ್ಡುಗಳು ಸುಟ್ಟು ವಾಪಸು ಬರತೊಡಗಿದವು. ಒಂದಲ್ಲ ಎರಡಲ್ಲ, ನಲವತ್ತು. ಮ್ಯಾನೇಜರ್ ರಿತೇಶನ ಮನೆಯವರು ಉಡುಪಿ ಕಡೆಯವರು, ಪುಣೆಯಲ್ಲಿ ಹೋಟೆಲು ನಡೆಸುತ್ತಾರೆ. ಅವನಿಗೆ ಗೊತ್ತಿರುವ ನ್ಯಾಯವೂ ಹೋಟೆಲಿನದೇ. ಇಡ್ಲಿ ಕೆಟ್ಟರೆ ಅಡುಗೆಭಟ್ಟನನ್ನು ಓಡಿಸು, ಅಕ್ಕಿ ತಂದವರು ಯಾರೆಂದು ಕೇಳಬೇಡ.

"ಸೋಲ್ಡರಿಂಗೇ ಸರಿ ಇಲ್ಲ ಮಾರಾಯ್ರೆ," ಎಂದ ನನ್ನ ಹತ್ತಿರ. "ಎಲ್ಲ ಬೋರ್ಡೂ ಆ ಶರಣಮ್ಮನ ಲೈನಿದ್ದೇ. ಶುಕ್ರವಾರ ಮೀಟಿಂಗಲ್ಲಿ ಅವಳ ಹೆಸರು ಪರ್ಮನೆಂಟ್ ಲಿಸ್ಟಿಂದ ತೆಗೀತೇನೆ."

ಶರಣಮ್ಮ ಬೋರ್ಡಿಗೆ ಬೆಸುಗೆ ಹಾಕುವವಳು. ಏಳು ವರ್ಷ ಗುತ್ತಿಗೆಯ ಮೇಲೆ ದುಡಿದು ಈ ಸಲ ಕಾಯಂ ಆಗುವವಳಿದ್ದಳು. ಯೆರವಡಾದಿಂದ ಬರುವ ಕಂಪನಿ ಬಸ್ಸಿನಲ್ಲಿ ನನ್ನ ಹಿಂದಿನ ಸೀಟು ಅವಳದು. ಅವತ್ತು ಮನೆಗೆ ಹೋಗುವಾಗ ಎರಡೂ ಕೈ ನನ್ನ ಮುಂದೆ ಚಾಚಿದಳು.

"ತಾಯಪ್ಪಣ್ಣ, ಈ ಕೈಯಾಗ ಏನ್ ತಪ್ಪ ಅದ ಹೇಳ್ರಿ. ನೀವು ಪಾಸ್ ಮಾಡಿದ ಮಾದರಿ ಹೆಂಗ ಇತ್ತೋ ಹಂಗ ಮಾಡೀನಿ. ಅವ್ರಿಗೆ ನೀವು ಒಂದ್ ಮಾತ ಹೇಳ್ರಿ."

"ಹೇಳತೀನಿ ತಗೋ. ಎತ್ತಿಗೆ ಜ್ವರ ಬಂದ್ರ ಎಮ್ಮಿಗೆ ಬರಿ ಹಾಕೂ ಮಂದಿ ಇವ್ರು," ಎಂದೆ. ಎತ್ತು ಯಾರು ಎಂದು ನನಗಾಗ ಗೊತ್ತಿರಲಿಲ್ಲ.

ಗುರುವಾರ ಮಧ್ಯಾಹ್ನ ನಿಖಿತಾ ನನ್ನನ್ನು ಕರೆದಳು. ಮೀಟಿಂಗಿಗೆ ತೋರಿಸಲೆಂದು ಆ ಬೋರ್ಡಿನ ಹಳೆಯ ಚಿತ್ರಗಳನ್ನೆಲ್ಲ ಹುಡುಕಿ ತೆಗೆದು, ಒಂದೊಂದಕ್ಕೂ ಬಾಣ ಹಾಕುತ್ತ ಕೂತಿದ್ದಳು.

"ಸರ್, ಇಲ್ಲಿಗೆ ಏನಂತ ಬರೀಲಿ?"

ಬಾಣದ ತುದಿ ಚಿತ್ರದ ಎಡಗಡೆಗೆ ಇತ್ತು. ಮೋಟಾರು ಶುರುವಾಗುವ ಕ್ಷಣಕ್ಕೆ ಸರಿಯಾಗಿ ಕೂದಲಿನಷ್ಟು ತೆಳ್ಳಗಿನ ಗೆರೆಯೊಂದು ಮೇಲಕ್ಕೆ ನೆಗೆದಿತ್ತು.

"ಏನೂ ಬರೀಬ್ಯಾಡ, ಅದು ಬರೇ..." ಎಂದವನು ಅಲ್ಲಿಗೇ ನಿಂತೆ. ಬರೇ ಏನೋ ಅಲ್ಲ ಅದು. ಬೋರ್ಡು ತಾಳಿಕೊಳ್ಳುವ ವೋಲ್ಟೇಜಿನ ಎರಡು ಪಟ್ಟು. ಪಂಪು ಶುರುವಾದಾಗಲೆಲ್ಲ ಬೋರ್ಡಿಗೆ ಒಂದು ಪೆಟ್ಟು, ಮೂರು ನಾಲ್ಕು ತಿಂಗಳಿಗೆ ಅದು ಸುಡಲೇಬೇಕು. ಸಾಕ್ಷಾತ್ ದೇವರೇ ಬಂದು ಬೆಸುಗೆ ಹಾಕಿದ್ದರೂ ಸುಡುತ್ತಿತ್ತು.

"ಯಾವ ಮಂಗ್ಯಾ ತೆಗದಾನ ಇದನ್ನ? ಕಣ್ಣ ಇದ್ದಿದ್ದಿಲ್ಲೇನು ಅವಂಗ?"

ಚಿತ್ರದ ಕೆಳತುದಿಯ ಮೇಲೆ ಉದ್ದನೆಯ ಬಿಳಿ ಬಾಕ್ಸೊಂದು ಕೂತಿತ್ತು. "ಇದು ನೋಡು ನಿನ್ನ ಶೃಂಗಾರ, ಇದ್ದದ್ದೂ ಕಾಣಂಗಿಲ್ಲ," ಎಂದು ಬೈಯುತ್ತ ಅವಳ ಕೈಯಿಂದ ಮೌಸು ಕಸಿದು ಆ ಬಾಕ್ಸನ್ನು ಪಕ್ಕಕ್ಕೆ ಸರಿಸಿದೆ. ಜೂನ್ ಹದಿನಾಲ್ಕು, ಮಾದರಿ ಬೋರ್ಡು ಒಂದು, ತಾಯಪ್ಪ.

ಶರಣಮ್ಮನ ಲೈನು ಈ ಬೋರ್ಡನ್ನು ಕೈಗೆತ್ತಿಕೊಂಡದ್ದು ಜುಲೈ ಕೊನೆಗೆ. ಮಾದರಿಗೆ ಬೆಸುಗೆ ಹಾಕಿದವನು ನಾನೇ, ಗುಂಡಿ ಒತ್ತಿದವನು ನಾನೇ, ಪಾಸ್ ಎಂದು ಸಹಿ ಹಾಕಿದವನೂ ನಾನೇ. ನೋಡಿದವರು ಮಾತ್ರ ಯಾರೂ ಇರಲಿಲ್ಲ. ಒಂದೇ ಒಂದು ಬಾಣ ಹಾಕಬೇಕಾಗಿದ್ದರೂ ಅದನ್ನು ಎಲ್ಲಿ ಹಾಕಲಿ ಎಂದು ನಾನು ಆ ಗೆರೆಯನ್ನು ನೋಡಲೇಬೇಕಾಗುತ್ತಿತ್ತು.

"ನಿಮ್ಮ ಹೆಸರು ಕಾಣೋದು ಬೇಡ ಅಂತ ಮುಚ್ಚಿದ್ದೆ ಸರ್," ಎಂದಳು ನಿಖಿತಾ ಮೆಲ್ಲಗೆ.

"ತಾರೀಖ ಕಾಣಬೇಕಲ್ಲವ್ವ. ಇಲ್ಲಂದ್ರ ಇದೂ ಶರಣಮ್ಮನ ಬೆಸುಗಿ ತಪ್ಪು ಅಂತಾನ ಆ ರಿತೇಶ."

ಅಷ್ಟಕ್ಕೇ ನಿಲ್ಲಿಸಿದ್ದರೆ ನಾನು ಮನುಷ್ಯ. ನಿಲ್ಲಿಸಲಿಲ್ಲ. ಹೆಸರೊಂದೇ ಮುಚ್ಚುವಷ್ಟು ಸಣ್ಣ ಬಾಕ್ಸು ಮಾಡಲು ಬರುತ್ತದೆಯೇ ಎಂದು ಕೇಳಿದೆ. ಎಂಟು ತಿಂಗಳು ಯಾವ ಬಾಕ್ಸನ್ನು ಕಂಡರೆ ಉರಿದುಬೀಳುತ್ತಿದ್ದೆನೋ ಅದನ್ನೇ ನಾಚಿಕೆ ಬಿಟ್ಟು ಬೇಡಿದೆ. ಅವಳು ನನ್ನ ಮುಖ ನೋಡದೆ ಮಾಡಿಕೊಟ್ಟಳು.

ಶುಕ್ರವಾರ ಮೀಟಿಂಗಿನಲ್ಲಿ ಚಿತ್ರ ಗೋಡೆಯ ಮೇಲೆ ದೊಡ್ಡದಾಗಿ ಬಿತ್ತು. ನಿಖಿತಾ ಮೇಲಕ್ಕೆ ನೆಗೆದ ಆ ಗೆರೆ ತೋರಿಸಿದಳು, ತಾರೀಖು ತೋರಿಸಿದಳು. ರಿತೇಶ್ ಆ ಸಣ್ಣ ಬಾಕ್ಸಿನತ್ತ ಪೆನ್ನು ಚಾಚಿದ.

"ಅಲ್ಲಿ ಹೆಸರು ಎಂತಕ್ಕೆ ಮುಚ್ಚಿದ್ದು? ಮಾದರಿಗೆ ಬೆಸುಗೆ ಹಾಕ್ಲಿಕ್ಕೂ ಶರಣಮ್ಮನನ್ನೇ ಕರ್ದದ್ದಾ? ಹಾಗಾದ್ರೆ ಶುರುವಿಂದ್ಲೂ ಅವಳದ್ದೇ ತಪ್ಪು ಅಂತಾಯ್ತು."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ನಾನು ಕನ್ನಡಕ ಮುಟ್ಟಿಕೊಂಡೆ. ನಿಖಿತಾ ನನ್ನ ಕಡೆ ನೋಡಲಿಲ್ಲ. ಅವಳು ಬಾಯಿ ಬಿಟ್ಟಿದ್ದರೆ ನನ್ನ ಮಾನ ಹೋಗುತ್ತಿತ್ತು. ಬಸ್ಸಿನಲ್ಲಿ ಚಾಚಿದ್ದ ಆ ಎರಡು ಕೈ ಕಣ್ಣ ಮುಂದೆ ಬಂದವು.

ಎದ್ದು ಹೋಗಿ ಮೌಸು ಹಿಡಿದು ಬಾಕ್ಸನ್ನು ಅಳಿಸಿದೆ. ನನ್ನ ಹೆಸರು ಗೋಡೆಯ ಮೇಲೆ ಒಂದು ಗೇಣುದ್ದ ಕಾಣಿಸಿತು. "ಬೆಸುಗಿನೂ ನಂದ, ಸಹೀನೂ ನಂದ," ಎಂದೆ ರಿತೇಶನಿಗೆ.

"ಇಲ್ಲೊಂದು ಬಾಣ ಹಾಕವ್ವ," ಎಂದೆ ನಿಖಿತಾಗೆ. "ಕೆಂಪಂದು. ಮಂದಿಗೆ ಓದಾಕ ಬರೂದಿಲ್ಲ."