ಖಾಲಿ ಹೊಟ್ಟೆಯ ಇಲಿಗಳು

ಕರುಳು ಹುಣ್ಣಾದ ಇಲಿಗಳಿಗೆ ಅರಿವಳಿಕೆ ಗ್ಯಾಸ್ ಕೊಟ್ಟರೆ ಹುಣ್ಣು ಮಾಯುತ್ತದೆ ಎಂದು ಒಬ್ಬ ಸಂಶೋಧಕಿ ಕಂಡುಹಿಡಿದದ್ದೇ ತಡ, ಪ್ರಯೋಗಾಲಯದವರೆಲ್ಲ ಅವಳನ್ನು ತಲೆಯ ಮೇಲೆ ಹೊತ್ತು ಕುಣಿದರು. ನಾಳೆ ದೊಡ್ಡ ಸಭೆಯಲ್ಲಿ ಅವಳ ಭಾಷಣ.

ಎಲ್ಲರಿಗಿಂತ ಹೆಚ್ಚು ಕುಣಿದವಳು ಅವಳ ಅಮ್ಮ. ಅದೇ ಕಾಯಿಲೆಯಿಂದ ವರ್ಷಗಟ್ಟಲೆ ನರಳಿ, ಊಟದ ತಟ್ಟೆ ಕಂಡರೆ ಬೆಚ್ಚುತ್ತಿದ್ದ ಹೆಂಗಸು. "ಇಲಿಗೆ ಕೊಟ್ಟಿದ್ದನ್ನ ಹೆತ್ತ ತಾಯಿಗೆ ಕೊಡೋಕೆ ನಿಮಗೇನು ರೋಗ?" ಎಂದು ಮಗಳ, ಮಗನ ಪ್ರಾಣ ತಿನ್ನುತ್ತಿದ್ದಳು.

ಮಗ ಎಂದರೆ ಸಂಶೋಧಕಿಯ ಅಣ್ಣ, ಆಪರೇಷನ್‌ಗೆ ಮುಂಚೆ ಜನರನ್ನು ಮಲಗಿಸುವ ಅರಿವಳಿಕೆ ಡಾಕ್ಟರ್. ಇಲಿಗಳಿಗೂ ಗ್ಯಾಸ್ ಕೊಡುವವನು ಅವನೇ. ತಂಗಿಗೆ ಇಲಿಗಿಂತ ಇಲಿಯ ಅಂಕಿಅಂಶಗಳ ಮೇಲೆ ಪ್ರೀತಿ. ಇಲಿಗಳ ಕೋಣೆಯ ವಾಸನೆಯೇ ಆಗದು. ಸಭೆಗೊಂದು ಫೋಟೊ ಬೇಕೆಂದು ಅವತ್ತು ಮೂಗು ಮುಚ್ಚಿಕೊಂಡು ಒಳಗೆ ಹೋದಳು. ಅಣ್ಣ ಬೋನುಗಳಿಂದ ಕಾಳಿನ ಬಟ್ಟಲು ತೆಗೆಯುತ್ತಿದ್ದ.

"ಏನಣ್ಣಾ ಮಾಡ್ತಿದ್ದೀಯ?"

"ನಾಳೆ ಇವಕ್ಕೆ ಗ್ಯಾಸ್ ಇದೆಯಲ್ಲ, ಹೊಟ್ಟೆ ಖಾಲಿ ಇರಬೇಕು. ಇಲ್ಲಾಂದ್ರೆ ವಾಂತಿಯಾಗಿ ಉಸಿರು ಕಟ್ಟತ್ತೆ."

"ಪ್ರತಿ ಸಲಾನೂ ಹೀಗೇ ಮಾಡಿದ್ಯಾ?"

"ಮತ್ತೆ? ನನ್ನ ಕೈಯಲ್ಲಿ ಒಂದು ಇಲಿನೂ ವಾಂತಿ ಮಾಡಿಲ್ಲ, ಗೊತ್ತಾ?"

"ಇಲಿಗೆ ವಾಂತಿ ಮಾಡೋಕೇ ಬರಲ್ಲ, ಮಾರಾಯ!"

ಅಣ್ಣ ಇಂಗು ತಿಂದ ಮಂಗನಂತಾದ. ಹೋಲಿಸಿ ನೋಡಲೆಂದು ಗ್ಯಾಸ್ ಕೊಡದೆ ಇಟ್ಟಿದ್ದ ಇಲಿಗಳು ಹೊತ್ತುಹೊತ್ತಿಗೆ ಮೇದಿದ್ದವು. ಗ್ಯಾಸಿನವು ಪದೇ ಪದೇ ಉಪವಾಸ ಬಿದ್ದಿದ್ದವು. ಹುಣ್ಣು ಮಾಯಿಸಿದ್ದು ಗ್ಯಾಸೋ, ಹಸಿವೋ? ಇಲಿಗಳೇ ಬಾಯಿ ಬಿಡಬೇಕು.

"ಸಭೆಯಲ್ಲಿ ಹೇಳದಿದ್ರಾಯ್ತು ಬಿಡೇ," ಎಂದ ಅಣ್ಣ. ಸುಳ್ಳೇಕೆ, ಅವಳಿಗೂ ಒಂದು ಗಳಿಗೆ ಹಾಗೇ ಅನ್ನಿಸಿತು.

ಮನೆಗೆ ಬಂದರೆ ಅಮ್ಮ ಬಾಗಿಲಲ್ಲೇ ನಗುತ್ತ ನಿಂತಿದ್ದಳು.

"ನನ್ನ ಕಾಟ ತಾಳಲಾರದೆ ನಿಮ್ಮಣ್ಣ, ಗ್ಯಾಸ್ ಬೇಕಾದ್ರೆ ಹೊಟ್ಟೆ ಖಾಲಿ ಇಟ್ಕೋ ಅಂದಿದ್ದ. ನಿನ್ನೆಯಿಂದ ಏನೂ ಮುಟ್ಟಿಲ್ಲ. ನೋಡೇ, ನೋವೇ ಇಲ್ಲ! ಹೆಸರು ಹೇಳಿದ್ದಕ್ಕೇ ಇಷ್ಟು, ಇನ್ನು ಕೊಟ್ರೆ ಹೇಗಿರತ್ತೋ!"

ಮಗಳು ತಟ್ಟೆ ತಂದಿಟ್ಟಳು. ಊಟ ಬಡಿಸಿದಳು. "ಮೊದಲು ತಿನ್ನಮ್ಮ."

ಅಮ್ಮ ಎಷ್ಟೋ ಕಾಲದಿಂದ ತಿನ್ನದವಳಂತೆ ಚಪ್ಪರಿಸಿ ತಿಂದಳು. ಸ್ವಲ್ಪ ಹೊತ್ತಿಗೆ ಅವಳ ಕೈ ಮೆಲ್ಲಗೆ ಹೊಟ್ಟೆಯ ಮೇಲೆ ಬಂತು. ಆದರೂ ಹಲ್ಲು ಕಚ್ಚಿಕೊಂಡು ನಕ್ಕಳು.

"ಗ್ಯಾಸ್ ಕೊಟ್ಮೇಲೆ ಇದೂ ಸರಿಹೋಗತ್ತೆ, ಅಲ್ವೇನೇ?"

"ಗೊತ್ತಿಲ್ಲಮ್ಮ," ಎಂದಳು ಮಗಳು, ಪಕ್ಕದಲ್ಲಿ ಕೂತು. ಆಮೇಲೆ ಫೋನ್ ಎತ್ತಿಕೊಂಡು ಸಭೆಯವರಿಗೂ ಅದನ್ನೇ ಹೇಳಿದಳು.